ಗುಲಾಬಿಯಕ್ಕನ ಬುಟ್ಟಿ, ಅಜ್ಜಿಯ ಕಡೆಯ ದೋಸೆ: ಮಕ್ಕಳಿಗೆ ಕಥೆಯೊಳಗಿನ ಗಣಿತ

ಕಥೆ ಹೇಳಿ ಗಣಿತ ಕಲಿಸಿ ಎಂದರೆ ಹೆಚ್ಚಿನವರು ಶುರು ಮಾಡುವುದು ಹೀಗೆ: ಒಂದು ಕಾಡು, ಕಾಡಿನಲ್ಲೊಂದು ಮೊಲ, ಮೊಲಕ್ಕೆ ಭಾರೀ ಹಸಿವು. ಮಗು ಕಣ್ಣರಳಿಸಿ ಕೂತಾಗ ಕೊನೆಗೆ ಬರುತ್ತದೆ ಪ್ರಶ್ನೆ: "ಮೊಲದ ಹತ್ತಿರ 8 ಕ್ಯಾರೆಟ್ ಇತ್ತು, 3 ತಿಂದಿತು, ಉಳಿದದ್ದೆಷ್ಟು?" ಮಗುವಿಗೆ ಅಲ್ಲಿಗೆ ಕಥೆ ಮುಗಿಯಿತು, ಪಾಠ ಶುರುವಾಯಿತು ಎಂದು ಗೊತ್ತಾಗಿಬಿಡುತ್ತದೆ. 8ರ ಬದಲು 80 ಕ್ಯಾರೆಟ್ ಇದ್ದರೂ ಆ ಮೊಲಕ್ಕೆ ಏನೂ ಆಗುವುದಿಲ್ಲ. ಸಂಖ್ಯೆ ಕಥೆಯೊಳಗೆ ಇಲ್ಲವೇ ಇಲ್ಲ.

ಕಥೆ ಆರಿಸುವಾಗ ಒಂದೇ ಪರೀಕ್ಷೆ ಮಾಡಿ: ಸಂಖ್ಯೆ ಬದಲಾದರೆ ಮುಂದೆ ನಡೆಯುವುದೂ ಬದಲಾಗಬೇಕು. ಕಡವಿನ ದೋಣಿಯಲ್ಲಿ 6 ಜನರಿಗೆ ಮಾತ್ರ ಜಾಗ. ದಡದಲ್ಲಿ 8 ಜನ ಇದ್ದಾರೆ, ಮಳೆ ಬರುವ ಹಾಗಿದೆ. ಇಲ್ಲಿ 8 ಇದ್ದದ್ದಕ್ಕೇ ಕಥೆ ಉಂಟು. 6 ಜನ ಇದ್ದಿದ್ದರೆ ದೋಣಿ ಹೊರಟುಹೋಗುತ್ತಿತ್ತು. ಉಳಿಯುವ ಇಬ್ಬರು ಯಾರು, ಎರಡನೇ ಸಲ ದೋಣಿ ಬರುವಾಗ ಎಷ್ಟು ಜಾಗ ಖಾಲಿ ಇರುತ್ತದೆ ಎಂದು ನೀವು ಕೇಳುವ ಮೊದಲೇ ಮಗು ಲೆಕ್ಕ ಹಾಕಿರುತ್ತದೆ.

ಕಥೆಯನ್ನು ಮನೆಮಾತಿನಲ್ಲೇ ಹೇಳಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಯಾವುದಾದರೂ ಸರಿ. ಶಾಲೆ ಇಂಗ್ಲಿಷ್ ಮಾಧ್ಯಮದ್ದು ಎಂದು ಕಥೆಯನ್ನೂ ಇಂಗ್ಲಿಷಿನಲ್ಲಿ ಹೇಳಹೊರಟರೆ ಮಗು ಭಾಷೆಯನ್ನೂ ಲೆಕ್ಕವನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಶಾಲೆಯ ಪದಗಳು ಕೊನೆಗೆ, ಪುಸ್ತಕದಲ್ಲಿ ಬರೆಯುವಾಗ ಬಂದರೆ ಸಾಕು.

ಏನೇನು ಬೇಕು

ಸುಮಾರು 60 ಬೀಜ, 6 ಖಾಲಿ ಬೆಂಕಿಪೊಟ್ಟಣ, ಸೀಮೆಸುಣ್ಣ, ಹಳೆಯ ಕಾಗದ, ಮೂರು ಲಕೋಟೆ. ಬೀಜಕ್ಕೆ ಒಗೆದು ಒಣಗಿಸಿದ ಹುಣಸೆಬೀಜ ಒಳ್ಳೆಯದು. ಗುಂಡಿಗಳಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆಗೆ ಬಳಸುವ ಮಂಜೊಟ್ಟಿ ಬೀಜ ಇದ್ದರೆ ಅದೂ ಆಗುತ್ತದೆ. ಕೆಂಪು ಮೈಗೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಮಾತ್ರ ಬೇಡ, ಅದು ವಿಷ. ಮಂಜೊಟ್ಟಿಗೆ ಚುಕ್ಕೆ ಇರುವುದಿಲ್ಲ, ಇಡೀ ಕೆಂಪು. ಮನೆಯಲ್ಲಿ ಬಾಯಿಗೆ ಹಾಕುವ ವಯಸ್ಸಿನ ಇನ್ನೊಂದು ಮಗು ಇದ್ದರೆ ಬೀಜಗಳನ್ನು ಎಣಿಸಿ ಕೊಟ್ಟು, ಎಣಿಸಿಯೇ ವಾಪಸು ತೆಗೆದುಕೊಳ್ಳಿ.

ಸಮಯ 20 ನಿಮಿಷ ಸಾಕು. ಕಥೆಗೆ ಐದು ನಿಮಿಷ, ಉಳಿದದ್ದು ಮಗುವಿನ ಕೈಕೆಲಸಕ್ಕೆ. ಕಥೆಯೇ ಹದಿನೈದು ನಿಮಿಷ ಎಳೆದರೆ ಮಗುವಿಗೆ ರಾಕ್ಷಸನ ಹಲ್ಲು ನೆನಪಿರುತ್ತದೆ, ಲೆಕ್ಕ ನೆನಪಿರುವುದಿಲ್ಲ.

ದಶಕ ಸಹಿತ ಕಳೆಯುವ ಲೆಕ್ಕ: ಮೀನಿನ ಗುಲಾಬಿಯಕ್ಕ

ಎರಡನೇ, ಮೂರನೇ ಕ್ಲಾಸಿನಲ್ಲಿ ಮಕ್ಕಳು ಮೊದಲು ಎಡವುವುದು ಇಲ್ಲೇ. 42ರಿಂದ 17 ಕಳೆ ಎಂದರೆ 35 ಎಂದು ಬರೆಯುತ್ತಾರೆ. ಅಜಾಗ್ರತೆಯಿಂದ ಅಲ್ಲ. 2ರಲ್ಲಿ 7 ಹೋಗುವುದಿಲ್ಲ, ಆದ್ದರಿಂದ 7ರಲ್ಲಿ 2 ಕಳೆದು 5, 4ರಲ್ಲಿ 1 ಕಳೆದು 3. ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಎಂಬ ತಮ್ಮದೇ ನಿಯಮವನ್ನು ಅವರು ಪಾಲಿಸಿದ್ದಾರೆ. "ಪಕ್ಕದ ಮನೆಯಿಂದ ಸಾಲ ತಗೊ" ಎಂದರೆ ಈ ನಿಯಮ ಮುರಿಯುವುದಿಲ್ಲ, ಅದರ ಮೇಲೆ ಇನ್ನೊಂದು ನಿಯಮ ಕೂರುತ್ತದೆ ಅಷ್ಟೆ.

1. ಮೊದಲು ನಿಯಮ ಹೇಳಿ. ಗುಲಾಬಿಯಕ್ಕ ಮಲ್ಪೆಯಿಂದ ಬಂಗುಡೆ ತಂದು ಮಾರುತ್ತಾಳೆ. ಅವಳ ಒಂದು ಬುಟ್ಟಿಯಲ್ಲಿ 10 ಬಂಗುಡೆ, ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿಯೂ ಇಲ್ಲ. ಬುಟ್ಟಿ ತುಂಬದ ಮೀನೆಲ್ಲ ಹಲಗೆಯ ಮೇಲೆ ಬಿಡಿಯಾಗಿ. ಹಲಗೆಯ ಮೇಲೆ 10 ಆದ ಕೂಡಲೇ ಅದು ಬುಟ್ಟಿಗೆ ಹೋಗಬೇಕು. ಬೆಂಕಿಪೊಟ್ಟಣ ಬುಟ್ಟಿ, ಬೀಜ ಮೀನು. ಮೊದಲ ದಿನ ತುಂಬಿಸುವ ಆಟ ಮಾತ್ರ: 23 ಬೀಜ ಕೊಟ್ಟರೆ ಎಷ್ಟು ಬುಟ್ಟಿ, ಎಷ್ಟು ಬಿಡಿ?

2. ಮರುದಿನ ಗಿರಾಕಿ ಬರಲಿ. ಗುಲಾಬಿಯಕ್ಕನ ಹತ್ತಿರ 4 ಬುಟ್ಟಿ, 2 ಬಿಡಿ. "ಅಕ್ಕ, ಮನೆಯಲ್ಲಿ ನೆಂಟರು, 17 ಬಂಗುಡೆ ಬೇಕಿತ್ತು." "ಕೊಡುವಾ, ನಿಲ್ಲಿ ಅಣ್ಣ." ಒಂದು ಬುಟ್ಟಿ ಎತ್ತಿ ಕೊಟ್ಟಳು. ಇನ್ನು 7 ಬೇಕು. ಹಲಗೆಯ ಮೇಲೆ ಇರುವುದು ಎರಡೇ.

3. ಇಲ್ಲಿ ನಿಲ್ಲಿಸಿ. "ಉತ್ತರ ಎಷ್ಟು?" ಎಂದು ಕೇಳಬೇಡಿ. "ಈಗ ಗುಲಾಬಿಯಕ್ಕ ಏನು ಮಾಡಬೇಕು?" ಎಂದು ಕೇಳಿ, ಬಾಯಿ ಮುಚ್ಚಿ ಕೂತುಕೊಳ್ಳಿ. ಇದು ಹೇಳುವಷ್ಟು ಸುಲಭವಲ್ಲ, ದೊಡ್ಡವರಿಗೆ ಹತ್ತು ಸೆಕೆಂಡಿನ ಮೌನ ತಡೆಯುವುದಿಲ್ಲ. ಮಗು "ಬುಟ್ಟಿ ಬಿಚ್ಚಬೇಕು" ಎನ್ನುವವರೆಗೆ ಕಾಯಿರಿ. "ಗಿರಾಕಿಯೇ ಮೀನು ಕೊಡಲಿ" ಎಂದು ತಮಾಷೆ ಮಾಡಿದರೆ ಇನ್ನೂ ಒಳ್ಳೆಯದು. 35 ಎಂಬ ತಪ್ಪು ಉತ್ತರ ಹುಟ್ಟುವುದೇ ಅಲ್ಲಿ, ಗಿರಾಕಿಯ 7ರಿಂದ ಗುಲಾಬಿಯಕ್ಕನ 2 ಕಳೆದಾಗ.

4. ಮಗು ಒಂದು ಬೆಂಕಿಪೊಟ್ಟಣ ಬಿಚ್ಚಿ ಹಲಗೆಗೆ ಸುರಿಯಲಿ. ಈಗ ಬಿಡಿ 12. ಅದರಿಂದ 7 ಕೊಟ್ಟರೆ 5. ಉಳಿದದ್ದು 2 ಬುಟ್ಟಿ, 5 ಬಿಡಿ: 25.

5. ಅದೇ ಕಥೆ ಮತ್ತೊಮ್ಮೆ, ಆದರೆ ಈ ಸಲ ಗಿರಾಕಿ ಬರುವ ಮೊದಲೇ ಒಂದು ಬುಟ್ಟಿ ಬಿಚ್ಚಿಸಿ ಕೇಳಿ: "ಈಗ ಗುಲಾಬಿಯಕ್ಕನ ಹತ್ತಿರ ಒಟ್ಟು ಎಷ್ಟು ಮೀನು?" 3 ಬುಟ್ಟಿ, 12 ಬಿಡಿ. ಲೆಕ್ಕದಲ್ಲಿ ಚುರುಕಾಗಿರುವ ಮಕ್ಕಳೂ ಇಲ್ಲಿ 52 ಎನ್ನಬಹುದು, ಹತ್ತು ಮೀನು ಹೊಸದಾಗಿ ಬಂದ ಹಾಗೆ ಅವರಿಗೆ ಕಾಣುತ್ತದೆ. ಎಣಿಸಲಿ. ಮೀನು 42ಕ್ಕೆ 42, ಜಾಗ ಮಾತ್ರ ಬದಲಾಗಿದೆ. ದಶಕ ಬಿಡಿಸುವುದರ ಒಳಗುಟ್ಟೆಲ್ಲ ಈ ಒಂದು ಎಣಿಕೆಯಲ್ಲಿ ಇರುವುದರಿಂದ ಅವಸರ ಮಾಡಬೇಡಿ.

6. ಮೂರನೇ ದಿನ ಬೀಜ ಬೇಡ, ಚಿತ್ರ: ಬುಟ್ಟಿಗೆ ಚೌಕ, ಬಿಡಿಗೆ ಚುಕ್ಕೆ. ಬುಟ್ಟಿ ಬಿಚ್ಚಿದಾಗ ಚೌಕದ ಮೇಲೆ ಗೆರೆ ಎಳೆದು ಹತ್ತು ಚುಕ್ಕೆ ಹಾಕುವುದು. ಅದರ ನಂತರವೇ ಪುಸ್ತಕದ ರೀತಿ. 4ನ್ನು ಹೊಡೆದು ಮೇಲೆ 3 ಬರೆಯುವಾಗ ಮಗುವಿಗೆ ಅದು ಬಿಚ್ಚಿದ ಬುಟ್ಟಿ ಎಂದು ತಾನಾಗಿ ಹೊಳೆಯುತ್ತದೆ.

ಮೀನು ಬೇಡದ ಮನೆಯವರು ಮಟ್ಟುಗುಳ್ಳ ಬದನೆ ಮಾರಿಸಿ. ನಿಯಮ ಅದೇ.

ನಡುವೆ ಸೊನ್ನೆ ಬರುವ ಲೆಕ್ಕ ಇನ್ನೂ ಕಷ್ಟದ್ದು: 302ರಿಂದ 148. ಇದಕ್ಕೆ 302 ಬೀಜ ಬೇಡ. ಹತ್ತು ಬುಟ್ಟಿ ಸೇರಿದರೆ ಒಂದು ಪೆಟ್ಟಿಗೆ ಎಂದು ಕಥೆ ಬೆಳೆಸಿ. ಒಂದೊಂದು ಲಕೋಟೆಯೂ ಒಂದು ಪೆಟ್ಟಿಗೆ, ಅದರೊಳಗೆ "10" ಎಂದು ಬರೆದ ಹತ್ತು ಚೀಟಿ. 3 ಪೆಟ್ಟಿಗೆ, ಬುಟ್ಟಿ ಒಂದೂ ಇಲ್ಲ, 2 ಬಿಡಿ. 8 ಬಿಡಿ ಕೊಡಲು ಬಿಚ್ಚೋಣ ಎಂದರೆ ಬುಟ್ಟಿಯೇ ಇಲ್ಲ. ಪೆಟ್ಟಿಗೆ ಒಡೆದರೆ 10 ಬುಟ್ಟಿ, ಅದರಲ್ಲಿ ಒಂದು ಬಿಚ್ಚಿದರೆ ಉಳಿದದ್ದು 9. ಆ 9 ಎಲ್ಲಿಂದ ಬಂತು ಎಂಬುದು ಬಾಯಿಪಾಠ ಮಾಡಿದವರಿಗೆ ಎಷ್ಟೋ ವರ್ಷ ಗೊತ್ತಿರುವುದಿಲ್ಲ. 2 ಪೆಟ್ಟಿಗೆ, 9 ಬುಟ್ಟಿ, 12 ಬಿಡಿಯಿಂದ 148 ಹೋದರೆ 154.

"ಉಳಿದದ್ದು" ಎಂದರೆ ಕಳೆಯುವುದೇ?

ಪ್ರಶ್ನೆಯಲ್ಲಿ "ಒಟ್ಟು" ಎಂದಿದ್ದರೆ ಕೂಡು, "ಉಳಿದ" ಎಂದಿದ್ದರೆ ಕಳೆ ಎಂದು ಹೇಳಿಕೊಡುವ ಅಭ್ಯಾಸ ಉಂಟು. ಪರೀಕ್ಷೆಯ ಹಿಂದಿನ ರಾತ್ರಿಗೆ ಅದು ಉಪಕಾರಿ ಎನಿಸಬಹುದು, ಆದರೆ ಮಗು ಪ್ರಶ್ನೆ ಓದುವುದನ್ನೇ ಬಿಡುತ್ತದೆ. "ಗುಲಾಬಿಯಕ್ಕ 17 ಮೀನು ಮಾರಿದಳು, 25 ಉಳಿದಿದೆ, ಬೆಳಿಗ್ಗೆ ಎಷ್ಟು ತಂದಿದ್ದಳು?" ಎಂದು ಕೇಳಿ ನೋಡಿ. ಆ ಅಭ್ಯಾಸ ಬಿದ್ದವರು 8 ಎನ್ನುತ್ತಾರೆ.

ಇದಕ್ಕೆ ಬಸ್ಸಿನ ಕಥೆ ಒಳ್ಳೆಯ ಮದ್ದು. ಉಡುಪಿಯಿಂದ ಮಂಗಳೂರಿಗೆ ಹೊರಟ ಬಸ್ಸು ಕಟಪಾಡಿ, ಕಾಪು, ಪಡುಬಿದ್ರಿ, ಮುಲ್ಕಿ, ಸುರತ್ಕಲ್ ದಾಟಿ ಹೋಗುತ್ತದೆ. ಒಂದೊಂದು ಸ್ಟಾಪಿನಲ್ಲೂ ಕೆಲವರು ಇಳಿಯುತ್ತಾರೆ, ಕೆಲವರು ಹತ್ತುತ್ತಾರೆ. ಮಗುವೇ ಕಂಡಕ್ಟರ್. ಒಂದನೇ ಕ್ಲಾಸಿನವರಿಗೆ ಮುಂದಕ್ಕೆ ಹೋಗುವ ಬಸ್ಸು ಸಾಕು. ಮೂರನೆಯವರಿಗೆ ಹಿಂದಕ್ಕೆ ಹೋಗಬೇಕು: ಮುಲ್ಕಿಯಲ್ಲಿ 6 ಜನ ಇಳಿದರು, 9 ಜನ ಹತ್ತಿದರು, ಈಗ ಬಸ್ಸಿನಲ್ಲಿ 20 ಜನ. ಮುಲ್ಕಿಗೆ ಬರುವಾಗ ಎಷ್ಟಿದ್ದರು? ಬಸ್ಸನ್ನು ರಿವರ್ಸ್ ಹೊಡೆಸಿ: ಹತ್ತಿದ 9 ಮಂದಿ ಇಳಿಯಲಿ, ಇಳಿದ 6 ಮಂದಿ ಮತ್ತೆ ಹತ್ತಲಿ. 17. ಸಿನಿಮಾ ಹಿಂದಕ್ಕೆ ಓಡುವ ಹಾಗೆ ಜನ ಬೆನ್ನು ಹಾಕಿಕೊಂಡು ಬಸ್ ಹತ್ತುವುದನ್ನು ಮಕ್ಕಳು ನಟಿಸಿ ತೋರಿಸಿದರೆ ತಡೆಯಬೇಡಿ. ಮುಂದೆ ಬೀಜಗಣಿತದ ಸಮೀಕರಣ ಬಿಡಿಸುವುದೂ ಇದೇ ಕೆಲಸ.

ಭಿನ್ನರಾಶಿ: ಅಜ್ಜಿಯ ಕಡೆಯ ನೀರುದೋಸೆ

ಹಿಟ್ಟು ಮುಗಿದಿದೆ, ಕಾವಲಿಯಲ್ಲಿರುವುದು ಕಡೆಯ ದೋಸೆ. ಮೊಮ್ಮಕ್ಕಳು ಇಬ್ಬರು. ಅಜ್ಜಿ ಮಡಚಿದಳು, ಅರ್ಧ ಅರ್ಧ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು, ಇನ್ನಿಬ್ಬರು ಬಂದರು. ಮತ್ತೆ ಮಡಚಿದಳು, ಕಾಲು. ಮತ್ತೆ ಬಾಗಿಲು, ಈ ಸಲ ನಾಲ್ವರು.

ಮೊದಲು ದುಂಡಗೆ ಕತ್ತರಿಸಿದ ಕಾಗದದಲ್ಲಿ ಮಾಡಿ. ನಿಜವಾದ ನೀರುದೋಸೆ ಮೂರನೇ ಮಡಿಕೆಗೆ ಹರಿಯುತ್ತದೆ, ಮಗುವಿನ ಗಮನ ಚಟ್ನಿಯ ಕಡೆ ಹೋಗುತ್ತದೆ. ಮೂರು ಸಲ ಮಡಚಿದ ಮೇಲೆ ಬಿಚ್ಚುವ ಮೊದಲು ಎಷ್ಟು ಭಾಗ ಎಂದು ಊಹಿಸಲಿ. "6" ಎಂಬ ಉತ್ತರ ಬಂದರೆ ಸರಿಪಡಿಸಬೇಡಿ. ಬಿಚ್ಚಿದ ಕಾಗದದ ಗೆರೆಗಳೇ 8 ಎಂದು ಹೇಳುತ್ತವೆ.

ಎಂಟನೇ ಒಂದು ಭಾಗ ಕಾಲಿಗಿಂತ ದೊಡ್ಡದು ಎಂಬುದು ಭಿನ್ನರಾಶಿಯ ಮೊದಲ ಗೊಂದಲ. 8 ದೊಡ್ಡ ಸಂಖ್ಯೆಯಲ್ಲವೇ! ಇದಕ್ಕೆ ನಿಯಮ ಹೇಳುವ ಬದಲು ಕೇಳಿ: "ಬಾಗಿಲು ತಟ್ಟಿದಾಗೆಲ್ಲ ನಿನಗೆ ಖುಷಿಯೋ, ಹೊಟ್ಟೆ ಉರಿಯೋ?" ಛೇದ ಎಂದರೆ ಬಂದವರ ಸಂಖ್ಯೆ, ಬಂದವರು ಹೆಚ್ಚಿದಷ್ಟೂ ತುಂಡು ಸಣ್ಣದು. ತುಂಡುಗಳು ಸಮವಾಗಿಲ್ಲದಿದ್ದರೆ ಮಕ್ಕಳು ಜಗಳಕ್ಕೆ ಬರುತ್ತಾರೆ, ಬರಲಿ. "ಸಮ ಭಾಗ" ಎಂಬ ಮಾತು ಪಠ್ಯದಲ್ಲಿ ಯಾಕಿದೆ ಎಂಬುದಕ್ಕೆ ಆ ಜಗಳವೇ ವಿವರಣೆ.

ಎರಡನೇ ಗೊಂದಲ ದೊಡ್ಡ ಕ್ಲಾಸಿನವರೆಗೂ ಬೆನ್ನು ಬಿಡುವುದಿಲ್ಲ: 1/2 + 1/4 = 2/6. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡುವುದು. ಆಗ ಕಥೆಗೆ ಮರಳಿ. ಅರ್ಧ ದೋಸೆ ತಿಂದ ಹುಡುಗನಿಗೆ ಅಜ್ಜಿ ಗುಟ್ಟಾಗಿ ಇನ್ನೊಂದು ಕಾಲು ಕೊಟ್ಟಳು. 2/6 ಎಂದರೆ ಮೂರರಲ್ಲಿ ಒಂದು ಪಾಲು, ಅಂದರೆ ಅರ್ಧಕ್ಕಿಂತ ಕಮ್ಮಿ. ಕೊಟ್ಟ ಮೇಲೆ ಇದ್ದದ್ದೇ ಕರಗಿತೇ? ಕಾಗದದ ಅರ್ಧ ದೋಸೆಯನ್ನು ಕಾಲು ಕಾಲಾಗಿ ಕತ್ತರಿಸಿ ಪಕ್ಕದಲ್ಲಿ ಇನ್ನೊಂದು ಕಾಲು ಇಟ್ಟರೆ ಮೂರು ಕಾಲು ಕಣ್ಣೆದುರೇ ಉಂಟು. ಒಂದೇ ಅಳತೆಯ ತುಂಡು ಮಾಡಿದ ಮೇಲಷ್ಟೇ ಎಣಿಸಬಹುದು.

ಮೂವರಿಗೆ ಹಂಚುವುದನ್ನು ಅದೇ ದಿನ ತರಬೇಡಿ. ಅರ್ಧ ಅರ್ಧ ಮಡಚುತ್ತ ಹೋದರೆ ಎಂದಿಗೂ ಮೂರು ಪಾಲು ಬರುವುದಿಲ್ಲ. ಉದ್ದನೆಯ ಕಾಗದದ ಪಟ್ಟಿಯನ್ನು ಪತ್ರ ಮಡಚುವಂತೆ ಮೂರು ಮಡಿಕೆ ಮಾಡುವುದು ಇನ್ನೊಂದು ದಿನದ ಕೆಲಸ.

ಚೆನ್ನೆಮಣೆಯ ಅಂಚೆಯಣ್ಣ

ಚೆನ್ನೆಮಣೆಯಲ್ಲಿ ಒಂದು ಬದಿಗೆ 7ರಂತೆ 14 ಗುಂಡಿ. ಗುಂಡಿಗೆ 4 ಕಾಯಿ ಹಾಕಿ ಶುರು ಮಾಡಿದರೆ ಒಟ್ಟು 56. ಆಟಿ ತಿಂಗಳ ಮಳೆಗೆ ಅಟ್ಟದಿಂದ ಇಳಿಯುವ ಈ ಮಣೆ ಮನೆಯಲ್ಲಿ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ವೃತ್ತ ಬರೆಯಿರಿ. ಆಟದ ನಿಯಮಗಳು ಊರೂರಿಗೆ ಬೇರೆ, ಇಲ್ಲಿ ಬೇಕಾಗಿರುವುದು ಗುಂಡಿಗೊಂದು ಕಾಯಿ ಹಾಕುತ್ತ ಹೋಗುವುದು ಮಾತ್ರ.

ಹದಿನಾಲ್ಕು ಮನೆಯ ಊರು. ಒಂದು ಮನೆ ಅಂಚೆಯಣ್ಣನದ್ದು. ಅವನು ತನ್ನ ಮನೆಯಿಂದ ಹೊರಟು ಪಕ್ಕದ ಮನೆಯಿಂದ ಶುರುಮಾಡಿ ಒಂದೊಂದು ಮನೆಗೆ ಒಂದೊಂದು ಕಾಗದ ಹಾಕುತ್ತಾನೆ. ಕಾಗದ ಮುಗಿದ ಮನೆಯಲ್ಲಿ ಅವನಿಗೆ ಚಾ. ಇವತ್ತು ಚಾ ಎಲ್ಲಿ? 4 ಕಾಗದವಾದರೆ ನಾಲ್ಕನೇ ಮನೆ. 14 ಆದರೆ ತನ್ನದೇ ಮನೆ, ಮಕ್ಕಳಿಗೆ ಇದು ಭಾರೀ ನಗೆ. 17 ಆದರೆ? 30 ಆದರೆ? ಮೊದಲು ಕಾಯಿ ಹಾಕಿ ನೋಡಲಿ. 45ಕ್ಕೆ ಬರುವಾಗ ಕೈ ಸೋಲುತ್ತದೆ, ಆಗ ಮಗು ತಾನೇ ದಾರಿ ಹುಡುಕುತ್ತದೆ: ಮೂರು ಸುತ್ತಿಗೆ 42, ಉಳಿದದ್ದು 3, ಮೂರನೇ ಮನೆಯಲ್ಲಿ ಚಾ. ಶೇಷ ಎಂದರೆ ಬಿಸಾಡುವ ಚಿಲ್ಲರೆ ಎಂದುಕೊಂಡವರಿಗೆ ಇಲ್ಲಿ ಉತ್ತರವೇ ಶೇಷ.

ಐದನೇ ಕ್ಲಾಸಿನ ಮೇಲಿನವರಿಗೆ ಇದೇ ಲೆಕ್ಕದ ದೊಡ್ಡ ರೂಪ ಉಡುಪಿಯ ರಥಬೀದಿಯಲ್ಲಿ ಉಂಟು. ಅಷ್ಟಮಠಗಳಿಗೆ ಕೃಷ್ಣಮಠದ ಪೂಜೆಯ ಸರದಿ, ಅಂದರೆ ಪರ್ಯಾಯ, ಎರಡೆರಡು ವರ್ಷ, ಹಾಗಾಗಿ ಒಂದು ಸುತ್ತಿಗೆ 16 ವರ್ಷ. 2024ರ ಜನವರಿಯಲ್ಲಿ ಪುತ್ತಿಗೆ ಮಠದ ಪರ್ಯಾಯ ಆರಂಭವಾಯಿತು. ಅದರ ನಂತರದ ಸರದಿ ಶೀರೂರು, ಸೋದೆ, ಕಾಣಿಯೂರು, ಪೇಜಾವರ, ಪಲಿಮಾರು, ಅದಮಾರು, ಕೃಷ್ಣಾಪುರ. ಈ ಕ್ರಮದಲ್ಲೇ ನಡೆದರೆ 2050ರಲ್ಲಿ ಶುರುವಾಗುವ ಪರ್ಯಾಯ ಯಾರದ್ದು? 26 ವರ್ಷ ಎಂದರೆ 13 ಸರದಿ. 13ರಲ್ಲಿ ಒಂದು ಸುತ್ತಿನ 8 ಹೋದರೆ 5, ಪುತ್ತಿಗೆಯಿಂದ ಐದನೆಯದು ಪಲಿಮಾರು. ಆಗ ತನಗೆ ಎಷ್ಟು ವಯಸ್ಸು ಎಂದು ಮಗು ಲೆಕ್ಕ ಹಾಕದೆ ಇರುವುದಿಲ್ಲ.

ಹತ್ತಕ್ಕೇ ಕಟ್ಟಬೇಕೆಂದಿಲ್ಲ

ಗುಲಾಬಿಯಕ್ಕನ ಬುಟ್ಟಿ ಪಳಗಿದ ಮಕ್ಕಳಿಗೆ ಹಳೆಯ ಅಳತೆಗಳು ಒಳ್ಳೆಯ ಸವಾಲು. ನಮ್ಮ ಕಡೆಯ ಹಳೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಜ್ಜನ ಮನೆಯಲ್ಲಿ 2 ಮುಡಿ, 1 ಕಳಸೆ, 5 ಸೇರು ಅಕ್ಕಿ ಉಂಟು. ಮದುವೆಮನೆಗೆ 1 ಕಳಸೆ, 9 ಸೇರು ಹೋಗಬೇಕು. ಕಳಸೆ ಬಿಚ್ಚಿದರೆ ಸೇರು 19, ಅದರಲ್ಲಿ 9 ಹೋದರೆ 10. ಈಗ ಕಳಸೆ ಇಲ್ಲ, ಮುಡಿಯನ್ನೇ ಬಿಚ್ಚಬೇಕು. ಉಳಿದದ್ದು 1 ಮುಡಿ, 2 ಕಳಸೆ, 10 ಸೇರು. ಕಳಸೆ ಬಿಚ್ಚಿ 15 ಸೇರು ಎಂದು ಬರೆದರೆ ಮಗು ಬುಟ್ಟಿಯ ನಿಯಮವನ್ನು ಉರುಹೊಡೆದಿದೆ, ಅರ್ಥ ಮಾಡಿಕೊಂಡಿಲ್ಲ ಎಂದು ತಿಳಿಯಿರಿ. ಗಂಟೆ ನಿಮಿಷದ ಲೆಕ್ಕದಲ್ಲಿ ಆಗುವ ತಪ್ಪಿಗೂ ಇದೇ ಕಾರಣ.

ಗುಣಾಕಾರ ಭಾಗಾಕಾರಕ್ಕೆ ಶಂಕರಪುರದ ಮಲ್ಲಿಗೆ ಉಂಟು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಇವತ್ತು 2000 ಮೊಗ್ಗು ಸಿಕ್ಕಿದೆ. ಅಟ್ಟೆ ಆಗಲು ಇನ್ನೆಷ್ಟು ಬೇಕು, ಪಕ್ಕದ ಮನೆಯವರ ಹೂ ಸೇರಿಸಿ ಕಟ್ಟಬಹುದೇ?

ಈಗ ಕಥೆ ಮಗುವಿನದ್ದು

ಕೆಲವು ವಾರ ಕಳೆದ ಮೇಲೆ ಬದಿ ಬದಲಿಸಿ. ಲೆಕ್ಕ ನೀವು ಕೊಡಿ, ಕಥೆ ಮಗು ಕಟ್ಟಲಿ. 23 ÷ 3 ಎಂದು ಬರೆದು ಮೂರು ಕಥೆ ಕೇಳಿ. ಒಂದರಲ್ಲಿ ಉತ್ತರ 7 ಆಗಬೇಕು, ಇನ್ನೊಂದರಲ್ಲಿ 8, ಮತ್ತೊಂದರಲ್ಲಿ 2. ಮೊದಲಿಗೆ ಮಗು ಇದು ಮೋಸ ಎನ್ನುತ್ತದೆ. ಒಂದು ಸುಳಿವು ಕೊಡಿ: ಒಂದು ರಿಕ್ಷಾದಲ್ಲಿ ಮೂವರು, 23 ಜನ ಪಿಲಿಕುಳಕ್ಕೆ ಹೋಗಬೇಕು. ಏಳೇ ರಿಕ್ಷಾ ಮಾಡಿದರೆ ಇಬ್ಬರು ರಸ್ತೆಯಲ್ಲಿ, ಆದ್ದರಿಂದ 8. ಪೊಟ್ಟಣಕ್ಕೆ 3 ಲಾಡು ಕಟ್ಟಿದರೆ ತುಂಬಿದ ಪೊಟ್ಟಣ 7 ಮಾತ್ರ. 2 ಉತ್ತರವಾಗುವ ಕಥೆಯನ್ನು ಅವರೇ ಕಂಡುಕೊಳ್ಳುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ಉಳಿದ ಲಾಡು ಯಾರ ಹೊಟ್ಟೆಗೆ ಎಂಬ ಚರ್ಚೆ ಇರುತ್ತದೆ.

ಮಗುವಿನ ಕಥೆಯಲ್ಲಿ ಡೈನೊಸಾರ್ ಬಸ್ಸಿನಲ್ಲಿ ಕೂತರೆ ಕೂರಲಿ. ಸಂಖ್ಯೆ ಮಾತ್ರ ಸರಿಯಾಗಿ ನಡೆಯಬೇಕು. 4 × 5ಕ್ಕೆ "4 ಆನೆ, 5 ಆನೆ ಬಂದವು" ಎಂದು ಕಥೆ ಬಂದರೆ ಅದು ಕೂಡುವ ಕಥೆ, ಮಗುವಿಗೆ ಗುಣಾಕಾರ ಇನ್ನೂ ಗುರುತು ಮಾತ್ರ. 4 ಆನೆ, ಆನೆಗೆ 5 ಬಾಳೆಗೊನೆ ಎಂದು ಎರಡು ಬೇರೆ ಬೇರೆ ಜಾತಿಯ ಎಣಿಕೆ ಬರಬೇಕು. ತಪ್ಪು ಎಂದು ಹೇಳುವ ಬದಲು ಕಥೆಯ ಚಿತ್ರ ಬಿಡಿಸಿ ಎಣಿಸಲು ಹೇಳಿ. 9 ಬಂದರೆ ಅವರಿಗೇ ಗೊತ್ತಾಗುತ್ತದೆ.

ಏಳನೇ ಕ್ಲಾಸಿನವರಿಗೆ ಮಾದರಿ ಬೇಕಿದ್ದರೆ ಭಾಸ್ಕರಾಚಾರ್ಯರು 1150ರಲ್ಲಿ ಬರೆದ 'ಲೀಲಾವತಿ'ಯ ದುಂಬಿಗಳ ಲೆಕ್ಕ ಕೊಡಿ. ಹಿಂಡಿನ ಐದನೇ ಒಂದು ಭಾಗ ಕದಂಬದ ಹೂವಿಗೆ, ಮೂರನೇ ಒಂದು ಭಾಗ ಶಿಲೀಂಧ್ರ ಎಂಬ ಹೂವಿಗೆ, ಅವೆರಡರ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ ಹೋದವು, ಒಂದು ದುಂಬಿ ಮಾತ್ರ ಎರಡು ಪರಿಮಳಗಳ ನಡುವೆ ಗಾಳಿಯಲ್ಲೇ ಸುತ್ತುತ್ತಿದೆ. ಹಿಂಡಿನಲ್ಲಿ ಎಷ್ಟು ದುಂಬಿ? 3, 5, 6, ಮತ್ತೆ ಆ ಒಂದು, ಒಟ್ಟು 15. ಸುತ್ತುತ್ತಿರುವ ಆ ದುಂಬಿಯನ್ನು ತೆಗೆದುಬಿಟ್ಟರೆ ಲೆಕ್ಕ ಬಿಡಿಸಲು ಆಗುವುದೇ ಇಲ್ಲ, ಮೊದಲು ಹೇಳಿದ ಪರೀಕ್ಷೆಯಲ್ಲಿ ಇದು ಪಾಸು.

ಕಥೆ ಬಿಡುವ ಹೊತ್ತು

ಕಥೆ ಊರುಗೋಲಾಗಿಯೇ ಉಳಿದರೆ ಪ್ರಯೋಜನವಿಲ್ಲ. ಬೀಜ ಕೊಟ್ಟರೂ ಮಗು ಮುಟ್ಟದೆ ಉತ್ತರ ಹೇಳತೊಡಗಿದರೆ ಬೀಜ ತೆಗೆಯಿರಿ. "ಗುಲಾಬಿಯಕ್ಕ" ಎನ್ನುವ ಮೊದಲೇ ಲೆಕ್ಕ ಮಾಡಿ ಮುಗಿಸಿದರೆ ಕಥೆಯೂ ಬೇಡ, ಆ ದಿನ ಬರೀ ಲೆಕ್ಕ ಕೊಡಿ. ಮತ್ತೆ ಎಡವಿದಾಗ ಇಡೀ ಕಥೆ ಹೇಳಬೇಕೆಂದಿಲ್ಲ, "ಹಲಗೆಯ ಮೇಲೆ ಎಷ್ಟುಂಟು?" ಎಂದರೆ ಸಾಕು. ಮಗ್ಗಿಗೆ ಕಥೆ ಹುಡುಕಲು ಹೋಗಬೇಡಿ. 7 × 8 ಯಾಕೆ 56 ಎಂಬುದಕ್ಕೆ ಸಾಲು ಸಾಲಾಗಿ ನೆಟ್ಟ ಅಡಿಕೆ ಸಸಿಯ ಚಿತ್ರ ಒಮ್ಮೆ ತೋರಿಸಿ, ಆಮೇಲೆ ಬಾಯಿಪಾಠವೇ ಸರಿ.

ಮಗು ಬರೆದ ಕಥೆಗಳನ್ನು ಉತ್ತರವಿಲ್ಲದೆ ಒಂದು ಪುಸ್ತಕದಲ್ಲಿ ಇಡಿ. ವಾರಕ್ಕೊಮ್ಮೆ ಒಂದು ಕಥೆಯನ್ನು ಗೆಳೆಯನಿಗೋ ಅಕ್ಕನಿಗೋ ಕೊಟ್ಟು, ಕಥೆ ಓದಿ ಲೆಕ್ಕ ಮಾತ್ರ ಬರೆಯಲು ಹೇಳಿ. 42 − 17ಕ್ಕೆ ಬರೆದ ಕಥೆ ಓದಿ ಅವರು 42 + 17 ಎಂದು ಬರೆದರೆ ಕಥೆಯ ಯಾವ ವಾಕ್ಯ ದಾರಿ ತಪ್ಪಿಸಿತು ಎಂದು ಇಬ್ಬರೂ ಕೂತು ಹುಡುಕಲಿ, ಆ ವಾಕ್ಯವನ್ನು ಮಾತ್ರ ತಿದ್ದಿ ಇನ್ನೊಬ್ಬರಿಗೆ ಕೊಡಲಿ.